ಮನೆಯಲ್ಲೇ ಇಸ್ಪೀಟು ಮೇಜು: ಒಂದೇ ಪ್ಲೈವುಡ್ ಶೀಟಿನಲ್ಲಿ, ಅಳತೆಯಿಂದ ಬಟ್ಟೆ ಬಿಗಿಯುವವರೆಗೆ

ಇಸ್ಪೀಟು ಮೇಜಿನಿಂದ ನಮಗೆ ಬೇಕಾದದ್ದು ಎರಡೇ. ಹಂಚುವಾಗ ಎಲೆ ಸಲೀಸಾಗಿ ಜಾರಬೇಕು, ಎತ್ತುವಾಗ ಸಲೀಸಾಗಿ ಕೈಗೆ ಬರಬೇಕು. ಗ್ರಾನೈಟ್ ಅಥವಾ ಸನ್‌ಮೈಕಾ ಹಾಕಿದ ಊಟದ ಮೇಜಿನ ಮೇಲೆ ಎಲೆ ಚೆನ್ನಾಗಿ ಜಾರುತ್ತದೆ. ಆದರೆ ಎತ್ತಲು ಹೋದರೆ ಉಗುರಿಗೇ ಸಿಗುವುದಿಲ್ಲ. ಜಮಖಾನೆಯ ಮೇಲೆ ಕೈಗೆ ಸಿಗುತ್ತದೆ, ಆದರೆ ಜಾರುವುದಿಲ್ಲ. ಮಂಚದ ಮೇಲಂತೂ ಯಾರೋ ಒಬ್ಬರು ಮಂಡಿ ಅಲ್ಲಾಡಿಸಿದರೆ ಇಡೀ ಆಟ ಕೆಡುತ್ತದೆ.

ದಾವಣಗೆರೆಯ ಮನೆಗಳಲ್ಲಿ ಯುಗಾದಿ, ದೀಪಾವಳಿಗೆ ನೆಂಟರು ಸೇರಿದರೆ ಸಂಜೆ ಹೊತ್ತಿಗೆ ಒಂದು ಕಟ್ಟು ಎಲೆ ಹೊರಗೆ ಬರುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಟ್ಟಿಗೆ ಕೂರುವ ಹೊತ್ತು ಅದು. ಅದಕ್ಕೊಂದು ಒಳ್ಳೆಯ ಮೇಜು ಇರಲಿ ಅನ್ನುವುದು ನನ್ನ ಆಸೆ. ಕೆಳಗೆ ಹೇಳುವ ಮೇಜು ಎಂಟು ಮೂಲೆಯದು. 8 ಅಡಿ x 4 ಅಡಿಯ ಒಂದೇ ಪ್ಲೈವುಡ್ ಶೀಟಿನಲ್ಲಿ ಅದರ ತಳ, ಸುತ್ತಲಿನ ಪಟ್ಟಿ, ಮುಚ್ಚಳ ಮೂರೂ ಬರುತ್ತವೆ. ಮುಚ್ಚಳ ಹಾಕಿದರೆ ಮಕ್ಕಳು ಓದಲು ಕೂರಬಹುದು, ತೆಗೆದರೆ ಆಟ. ಚಿಕ್ಕ ಮನೆಯಲ್ಲಿ ಬರೀ ಇಸ್ಪೀಟಿಗೆ ಅಂತ ಒಂದು ಮೇಜು ಇಡಲು ಜಾಗ ಎಲ್ಲಿರುತ್ತದೆ, ಅಲ್ವಾ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ದುಡ್ಡು ಕಟ್ಟಿ ಆಡುವ ಮೇಜಲ್ಲ. ಪಾಯಿಂಟು ಬರೆಯಲು ಒಂದು ನೋಟ್‌ಬುಕ್ ಸಾಕು. ಎಣಿಸಲು ಏನಾದರೂ ಬೇಕೇ ಬೇಕು ಅಂದರೆ ಹುಣಸೆ ಬೀಜ ಇದೆ. ದುಡ್ಡು ಬಂದ ಕಡೆ ಮಕ್ಕಳನ್ನು ಕೂರಿಸಲು ಆಗುವುದಿಲ್ಲ.

ಎಷ್ಟು ದೊಡ್ಡದು, ಎಷ್ಟು ಎತ್ತರ

ಮನೆಯಲ್ಲಿ ಯಾವ ಆಟ ಜಾಸ್ತಿ ಆಡುತ್ತೀರಿ ಅಂತ ಮೊದಲು ಯೋಚಿಸಿ. ಇಪ್ಪತ್ತೆಂಟು ಆಟಕ್ಕೆ ನಾಲ್ಕು ಜನ, 32 ಎಲೆ. ಇದಕ್ಕೆ ಮೂರು ಅಡಿಯ ಮೇಜೂ ಸಾಕು. ರಮ್ಮಿಗೆ ಒಬ್ಬೊಬ್ಬರಿಗೆ 13 ಎಲೆ. ಆರು ಜನ ಕೂತರೆ ಎರಡು ಕಟ್ಟು ಬೇಕು, ನಡುವೆ ಕಟ್ಟಿಗೂ ಎಸೆದ ಎಲೆಗೂ ಜಾಗ ಬೇಕು, ಶೋ ಮಾಡಿದವರು ಎಲೆಗಳನ್ನು ಮುಂದೆ ಹರಡಲೂ ಬೇಕು. ಸಾಮಾನ್ಯ ಎಲೆಯ ಅಳತೆ 63 x 88 ಎಂಎಂ. ಸ್ವಲ್ಪ ಕಿರಿದಾದ ಬ್ರಿಡ್ಜ್ ಎಲೆ ಸುಮಾರು 57 ಎಂಎಂ ಅಗಲ ಇರುತ್ತದೆ. ಇದೆಲ್ಲ ಲೆಕ್ಕ ಹಾಕಿದರೆ ಒಬ್ಬರಿಗೆ ಎರಡು ಅಡಿಯಷ್ಟು ಅಂಚು ಬೇಕು.

ನಮ್ಮ ಮೇಜಿನ ಅಡ್ಡಗಲ 1200 ಎಂಎಂ, ಅಂದರೆ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. ಸುತ್ತಳತೆ ಸುಮಾರು 4 ಮೀಟರ್. ಆರು ಜನ ಕೂತರೆ ಒಬ್ಬೊಬ್ಬರಿಗೆ 26 ಇಂಚು ಸಿಗುತ್ತದೆ. ಎಂಟು ಜನ ಕೂತರೆ ಮೊಣಕೈ ತಾಗುತ್ತದೆ, ಮಕ್ಕಳ ಕತ್ತೆ ಆಟಕ್ಕೆ ಅಷ್ಟು ಸಾಕು. ಇನ್ನೂ ದೊಡ್ಡದು ಮಾಡುವ ಆಸೆ ಬಿಡಿ. ಈಗಲೇ ಅಂಚಿನಿಂದ ನಡುಮಧ್ಯಕ್ಕೆ 600 ಎಂಎಂ ಇದೆ. ಅದಕ್ಕಿಂತ ದೂರವಾದರೆ ಕಟ್ಟಿನಿಂದ ಎಲೆ ತೆಗೆಯಲು ಪ್ರತಿ ಸಲ ಕುರ್ಚಿಯಿಂದ ಮುಂದೆ ಬಾಗಬೇಕು. ವಯಸ್ಸಾದವರಿಗೆ ಅದು ಸೊಂಟ ನೋವು.

ಎತ್ತರ 750 ಎಂಎಂ ಇರಲಿ. ಮನೆಯ ಕುರ್ಚಿಗಳ ಸೀಟು ಸಾಮಾನ್ಯವಾಗಿ 430ರಿಂದ 450 ಎಂಎಂ ಎತ್ತರ ಇರುತ್ತದೆ. ಅದಕ್ಕೆ ಇದು ಸರಿಹೋಗುತ್ತದೆ. ಕೈ ಇಲ್ಲದ ಕುರ್ಚಿಯಾದರೆ ಮೇಜಿಗೆ ಹತ್ತಿರ ಎಳೆದು ಕೂರಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೇ ರೂಢಿ ಅನ್ನುವ ಮನೆಯಾದರೆ ಒಟ್ಟು ಎತ್ತರ 12ರಿಂದ 14 ಇಂಚು ಸಾಕು. ಮೇಲ್ಭಾಗ ಮಾಡುವ ರೀತಿಯಲ್ಲಿ ಏನೂ ವ್ಯತ್ಯಾಸ ಇಲ್ಲ.

ಏನೇನು ತರಬೇಕು

18 ಎಂಎಂ ಪ್ಲೈವುಡ್ ಒಂದು ಶೀಟ್. ಒಂದು ಮುಖಕ್ಕೆ ತೇಗದ ವಿನೀರ್ ಇರುವುದು ತಂದರೆ ಪಾಲಿಶ್ ಚೆನ್ನಾಗಿ ಕಾಣುತ್ತದೆ. ಅಂಗಡಿಯವರು ನೀರು ತಡೆಯುವ ಐಎಸ್ 710 ತೋರಿಸುತ್ತಾರೆ. ಅದು ಅಡುಗೆಮನೆಗೆ, ಬಾತ್‌ರೂಮಿಗೆ ಬೇಕು. ನಮ್ಮದು ಮಲೆನಾಡಿನ ತೇವ ಇಲ್ಲದ ಒಣ ಊರು, ಮೇಜು ಹಾಲಿನಲ್ಲಿ ಇರುವಂಥದ್ದು. ಐಎಸ್ 303ರ ಎಂಆರ್ ದರ್ಜೆ, ಅಂದರೆ ಸ್ವಲ್ಪ ಮಟ್ಟಿಗೆ ತೇವ ತಡೆಯುವಂಥದ್ದು, ಸಾಕು. ದುಡ್ಡು ಉಳಿಸಿ ಬಟ್ಟೆಗೆ ಹಾಕಿ. ಆದರೆ ಗೆದ್ದಲು, ಹುಳು ತಡೆಯುವಂತೆ ಸಂಸ್ಕರಿಸಿದ್ದಾ ಅಂತ ಕೇಳಲೇಬೇಕು. ಶೀಟನ್ನು ಅಂಚಿನಿಂದ ಕಣ್ಣಿಟ್ಟು ನೋಡಿ. ಬಾಗಿದ್ದರೆ ಬೇಡ ಅನ್ನಿ. ತಳ ಬಾಗಿದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಇಡೀ ಶೀಟು 30 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಂಗಡಿಯಲ್ಲೇ 1200 ಎಂಎಂ ಚೌಕದ ಎರಡು ತುಂಡು ಮಾಡಿಸಿ. ಶೀಟಿನ ಅಳತೆ 2440 x 1220 ಎಂಎಂ. ಅಂಚುಗಳು ಸಾಗಾಟದಲ್ಲಿ ಪೆಟ್ಟು ತಿಂದಿರುತ್ತವೆ, ಬ್ಲೇಡೂ ಸ್ವಲ್ಪ ತಿನ್ನುತ್ತದೆ. ಸುತ್ತ ಒಂದಿಷ್ಟು ಬಿಟ್ಟು ಕತ್ತರಿಸಿದರೆ ಎರಡೂ ತುಂಡು ನೀಟಾಗಿ ಬರುತ್ತವೆ, ಲಗೇಜ್ ಆಟೋದಲ್ಲೂ ಹಿಡಿಸುತ್ತವೆ.

ಕಾಲಿಗೆ ಎರಡೂವರೆ ಇಂಚು ಚೌಕದ ನಾಲ್ಕು ಮರದ ತುಂಡು ಬೇಕು. ಕಾಲುಗಳನ್ನು ಕೂಡಿಸುವ ಚೌಕಟ್ಟಿಗೆ 3 x 1 ಇಂಚಿನ ಪಟ್ಟಿ ಬೇಕು. ತೇಗವೇ ಆಗಬೇಕಿಲ್ಲ. ಸಾಮಿಲ್ಲಿನಲ್ಲಿ ಚೆನ್ನಾಗಿ ಒಣಗಿದ ಹೊನ್ನೆ, ಮತ್ತಿ, ಅಕೇಶಿಯಾ ಯಾವುದು ಸಿಕ್ಕರೂ ಆಗುತ್ತದೆ. ಒಣಗಿದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಹಸಿ ಮರ ನಮ್ಮ ಬೇಸಿಗೆಯ ಬಿಸಿಲಿಗೆ ತಿರುಚಿಕೊಳ್ಳುತ್ತದೆ.

ಉಳಿದಂತೆ ಮರಕ್ಕೆ ಫೆವಿಕಾಲ್ ಎಸ್‌ಎಚ್, ಸ್ಪಾಂಜ್ ಅಂಟಿಸಲು ಫೆವಿಕಾಲ್ ಎಸ್‌ಆರ್. 30 ಎಂಎಂ ಮತ್ತು 16 ಎಂಎಂ ಸ್ಕ್ರೂ, ಎಲ್ ಆಕಾರದ ಕ್ಲಿಪ್ಪು, ತೇಗದ ಬೀಡಿಂಗ್ ಪಟ್ಟಿ, 80ರಿಂದ 220 ನಂಬರಿನವರೆಗೆ ಸ್ಯಾಂಡ್ ಪೇಪರ್. ಕೈಯಲ್ಲಿ ಡ್ರಿಲ್, ಜಿಗ್‌ಸಾ, ಸ್ಟೇಪಲ್ ಗನ್, ಮೂಲೆಮಟ್ಟ, ನಾಲ್ಕು ಕ್ಲಾಂಪ್ ಇದ್ದರೆ ಆಯಿತು. ಜಿಗ್‌ಸಾ ಇಲ್ಲದಿದ್ದರೆ ಗುರುತು ಹಾಕುವ ಕೆಲಸ ನೀವು ಮಾಡಿ, ಕೊಯ್ಯುವ ಕೆಲಸವನ್ನು ಪರಿಚಯದ ಬಡಗಿಗೆ ಕೊಡಿ. ಅವರಿಗೆ ಅರ್ಧ ದಿನದ ಕೆಲಸವೂ ಅಲ್ಲ.

ಎಂಟು ಮೂಲೆ ಗುರುತು ಹಾಕುವುದು

ಲೆಕ್ಕಕ್ಕೆ ಹೆದರಬೇಡಿ, ಒಂದು ದಾರ ಸಾಕು. ಚೌಕದ ಎದುರುಬದುರು ಮೂಲೆಗಳನ್ನು ಕೂಡಿಸಿ ಎರಡು ಗೆರೆ ಎಳೆಯಿರಿ. ಅವು ಕೂಡುವುದೇ ನಡುಮಧ್ಯ. ಒಂದು ಮೂಲೆಯಲ್ಲಿ ದಾರದ ತುದಿ ಹಿಡಿದು ನಡುಮಧ್ಯದವರೆಗೆ ಎಳೆಯಿರಿ. ಅಷ್ಟೇ ಉದ್ದವನ್ನು ಹಾಗೇ ತಿರುಗಿಸಿ, ಆ ಮೂಲೆಯ ಎರಡೂ ಅಂಚುಗಳ ಮೇಲೆ ಪೆನ್ಸಿಲ್ ಗುರುತು ಹಾಕಿ. ನಾಲ್ಕೂ ಮೂಲೆಯಿಂದ ಹೀಗೆ ಮಾಡಿದರೆ ಎಂಟು ಗುರುತು ಬೀಳುತ್ತವೆ. ಪ್ರತಿ ಮೂಲೆಯ ಹತ್ತಿರದ ಎರಡು ಗುರುತುಗಳನ್ನು ಗೆರೆಯಿಂದ ಕೂಡಿಸಿ. ಆ ತ್ರಿಕೋನಗಳನ್ನು ಕೊಯ್ದರೆ ಎಂಟು ಮೂಲೆ ಸಿದ್ಧ.

ಟೇಪಿನಿಂದ ಒಮ್ಮೆ ತಾಳೆ ನೋಡಿ. ದಾರದ ಉದ್ದ ಸುಮಾರು 849 ಎಂಎಂ ಇರಬೇಕು. ಚೌಕದ ಮೂಲೆಯಿಂದ ಹತ್ತಿರದ ಗುರುತಿಗೆ 351 ಎಂಎಂ. ಎಂಟೂ ಬದಿಗಳು 497 ಎಂಎಂ ಆಸುಪಾಸು ಬರಬೇಕು. ಒಂದೆರಡು ಎಂಎಂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಐದಾರು ಎಂಎಂ ಬಂದರೆ ಚೌಕವೇ ಸರಿ ಇಲ್ಲ ಅಂತ ಅರ್ಥ. ಆಗ ಮೂಲೆಮಟ್ಟ ಹಿಡಿದು ಮತ್ತೆ ನೋಡಿ.

ಎರಡನೇ ತುಂಡಿಗೂ ಇದೇ ಗುರುತು. ಅದರ ಮೇಲೆ ಇನ್ನೊಂದು ಕೆಲಸ ಇದೆ. ಎಂಟೂ ಬದಿಗಳಿಂದ 100 ಎಂಎಂ ಒಳಗೆ ಸಮಾನಾಂತರ ಗೆರೆ ಎಳೆಯಿರಿ. ಒಳಗೊಂದು ಚಿಕ್ಕ ಎಂಟು ಮೂಲೆ ಮೂಡುತ್ತದೆ. ಅದರ ಅಡ್ಡಗಲ ಸರಿಯಾಗಿ 1000 ಎಂಎಂ, ಒಂದೊಂದು ಬದಿ 414 ಎಂಎಂ. ಹೊರಗಿನ ಬಳೆ ನಮ್ಮ ಅಂಚಿನ ಪಟ್ಟಿ, ಒಳಗಿನ ತುಂಡು ಮುಚ್ಚಳ.

ಕೊಯ್ಯುವುದು

ಜಿಗ್‌ಸಾ ಬ್ಲೇಡಿನ ಹಲ್ಲು ಸಾಮಾನ್ಯವಾಗಿ ಮೇಲಕ್ಕೆ ಬರುವಾಗ ಕೊಯ್ಯುತ್ತದೆ. ಅದಕ್ಕೇ ಪ್ಲೈವುಡ್ಡಿನ ಮೇಲ್ಮುಖದಲ್ಲಿ ಸಿಬಿರು ಏಳುವುದು. ಚೆನ್ನಾದ ಮುಖವನ್ನು ಕೆಳಗೆ ಮಾಡಿ, ಗುರುತನ್ನು ಹಿಂಭಾಗದಲ್ಲಿ ಹಾಕಿ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಇನ್ನೂ ಒಳ್ಳೆಯದು. ನೇರ ಹೋಗಲು ಗೆರೆಗೆ ಸಮಾನಾಂತರವಾಗಿ ಒಂದು ನೇರ ಪಟ್ಟಿಯನ್ನು ಕ್ಲಾಂಪ್ ಮಾಡಿ, ಯಂತ್ರದ ತಳವನ್ನು ಅದಕ್ಕೆ ಒತ್ತಿಕೊಂಡು ನಡೆಸಿ. ಕೈ ಅಂದಾಜಿನಲ್ಲಿ ಕೊಯ್ದರೆ ಗೆರೆ ಅಲೆಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಬ್ಲೇಡ್ ಬದಲಿಸುವಾಗ ಪ್ಲಗ್ಗು ಕಿತ್ತಿರಬೇಕು.

ಒಳಗಿನ ಗೆರೆ ಕೊಯ್ಯಲು ಬ್ಲೇಡ್ ಇಳಿಯುವಷ್ಟು ತೂತು ಬೇಕು. ಎಂಟೂ ಒಳಮೂಲೆಗಳಲ್ಲಿ 10 ಎಂಎಂ ತೂತು ಕೊರೆಯಿರಿ. ಆದರೆ ತೂತು ಗೆರೆಯ ಒಳಗೆ, ಮುಚ್ಚಳದ ಕಡೆಗೆ ಇರಲಿ. ಅಂಚಿನ ಪಟ್ಟಿಯ ಮೂಲೆ ಹರಿತವಾಗಿ ಉಳಿಯಬೇಕು, ಕಣ್ಣು ಹೋಗುವುದು ಅಲ್ಲಿಗೇ. ಕೊಯ್ದ ಮೇಲೆ ಮುಚ್ಚಳದ ಸುತ್ತ ಸುಮಾರು 2 ಎಂಎಂ ಸಂದು ಬರುವಂತೆ ಉಜ್ಜಿ. ಪಾಲಿಶ್ ಹಚ್ಚಿದರೆ ಅಂಚು ದಪ್ಪವಾಗುತ್ತದೆ. ಬಿಗಿಯಾಗಿ ಕೂರಿಸಿದರೆ ಮುಚ್ಚಳ ತೆಗೆಯಲು ಒದ್ದಾಡಬೇಕಾಗುತ್ತದೆ. ಅಂಚಿನ ಹತ್ತಿರ ಬೆರಳು ಹೋಗುವಂತೆ ಒಂದು ಇಂಚಿನ ತೂತು ಇಡಿ.

ಈಗ ತಳದ ಮೇಲೆ ಪಟ್ಟಿ ಇಟ್ಟು ಕ್ಲಾಂಪ್ ಮಾಡಿ, ಹೊರ ಅಂಚು ಎರಡೂ ಒಂದೇ ಸಮ ಬರುವಂತೆ ಉಜ್ಜಿ. ಬಟ್ಟೆ ಹಾಕುವ ಮೊದಲೇ, ತಳದ ಕೆಳಗಿನಿಂದ ಸ್ಕ್ರೂ ತೂತುಗಳನ್ನು ಕೊರೆದಿಡಿ. 150 ಎಂಎಂಗೆ ಒಂದು ಸಾಕು. ತಳ, ಪಟ್ಟಿ ಸೇರಿ 36 ಎಂಎಂ ದಪ್ಪ. ಹಾಗಾಗಿ 30 ಎಂಎಂ ಸ್ಕ್ರೂ ಮೇಲೆ ಇಣುಕುವುದಿಲ್ಲ. ಡ್ರಿಲ್ ಬಿಟ್ಟಿಗೂ 30 ಎಂಎಂ ಮೇಲೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಎರಡರ ಒಂದೇ ಬದಿಗೆ ಬಾಣದ ಗುರುತು ಹಾಕಿ. ಕೈಯಲ್ಲಿ ಮಾಡಿದ ಎಂಟು ಮೂಲೆ ಎಲ್ಲ ಕಡೆಯಿಂದಲೂ ಒಂದೇ ಥರ ಇರುವುದಿಲ್ಲ. ತಿರುಗಿಸಿ ಇಟ್ಟರೆ ತೂತು ಕೂಡುವುದಿಲ್ಲ.

ಪ್ಲೈವುಡ್ಡಿನ ಬರಿ ಅಂಚನ್ನು ಬೀಡಿಂಗ್ ಪಟ್ಟಿಯಿಂದ ಮುಚ್ಚಿ. ತಳಕ್ಕೆ ಬೇರೆ, ಮೇಲಿನ ಪಟ್ಟಿಗೆ ಬೇರೆ ಹಾಕಿ. ಎರಡಕ್ಕೂ ಸೇರಿಸಿ ಒಂದೇ ಅಗಲ ಬೀಡಿಂಗ್ ಹೊಡೆದರೆ ಮುಂದೆ ಬಟ್ಟೆ ಬದಲಿಸಲು ಬಿಚ್ಚಲಾಗುವುದಿಲ್ಲ. ಮೂಲೆಯಲ್ಲಿ ಬೀಡಿಂಗ್ ಕೂಡಲು ಎರಡೂ ತುದಿಗಳನ್ನು 22.5 ಡಿಗ್ರಿ ಓರೆಗೆ ಕೊಯ್ಯಬೇಕು.

ಪಟ್ಟಿಯ ಒಳ ಅಂಚು, ಹೊರ ಅಂಚು ಎರಡನ್ನೂ ಚೆನ್ನಾಗಿ ದುಂಡಗೆ ಉಜ್ಜಿ. ಗಂಟೆಗಟ್ಟಲೆ ಮುಂಗೈ ಇಡುವ ಜಾಗ ಅದು. ಆಮೇಲೆ ಪಾಲಿಶ್. ಫ್ರೆಂಚ್ ಪಾಲಿಶ್ ಹೊಳಪು ಚೆಂದ, ಆದರೆ ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಆಡುವ ಮೇಜಿಗೆ ಪಿಯು ಪಾಲಿಶ್ ಒಳ್ಳೆಯದು. ಆಷಾಢದ ಗಾಳಿಯಲ್ಲಿ ಹೊರಗೆ ಹಚ್ಚಬೇಡಿ, ಧೂಳೆಲ್ಲ ಅಂಟುತ್ತದೆ.

ಕಾಲುಗಳು ಎಲ್ಲಿ ಬರಬೇಕು

ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಕಾಲುಗಳನ್ನು ಬದಿಯ ನಡುವೆ ಇಡುತ್ತಾರೆ. ಆಗ ಅಲ್ಲಿ ಕೂತವರ ಎರಡು ಮಂಡಿಗಳ ನಡುವೆ ಕಾಲು ಬರುತ್ತದೆ. ಅದರ ಬದಲು ಒಂದು ಬಿಟ್ಟು ಒಂದು ಮೂಲೆಯ ಕೆಳಗೆ ಕಾಲು ಬರಲಿ. ತಳದ ಕೆಳಭಾಗದಲ್ಲಿ ಎದುರುಬದುರು ಮೂಲೆಗಳನ್ನು ಗೆರೆಯಿಂದ ಕೂಡಿಸಿ. ನಾಲ್ಕು ಗೆರೆಗಳಲ್ಲಿ ಒಂದು ಬಿಟ್ಟು ಒಂದನ್ನು ಆರಿಸಿದರೆ ಅವೆರಡು ನೇರ ಅಡ್ಡ ಬರುತ್ತವೆ. ಹೊರ ಅಳತೆ 780 ಎಂಎಂ ಇರುವ ಚೌಕಟ್ಟು ಮಾಡಿ, ಅದರ ನಾಲ್ಕು ಮೂಲೆ ಈ ಗೆರೆಗಳ ಮೇಲೆ ಕೂರುವಂತೆ ಇಡಿ. ಕಾಲುಗಳು ಮೇಜಿನ ಮೂಲೆಯಿಂದ ಸುಮಾರು 100 ಎಂಎಂ ಒಳಗೆ ನಿಲ್ಲುತ್ತವೆ. ಎಂಟೂ ಬದಿಗಳು ಮಂಡಿಗೆ ಬಿಡುವಾಗಿರುತ್ತವೆ. ಯಾರಾದರೂ ಅಂಚಿಗೆ ಭಾರ ಬಿಟ್ಟರೂ ಮೇಜು ಮಗುಚುವುದಿಲ್ಲ.

ಕಾಲಿನ ಉದ್ದ 710 ಎಂಎಂ. ಚೌಕಟ್ಟಿನ ಒಳಮೂಲೆಗಳಲ್ಲಿ ಓರೆಯಾಗಿ ಒಂದೊಂದು ದಪ್ಪ ಮರದ ತುಂಡು ಅಂಟಿಸಿ ಸ್ಕ್ರೂ ಹಾಕಿ, ಅದರ ಮೂಲಕ 8 ಎಂಎಂ ಹ್ಯಾಂಗರ್ ಬೋಲ್ಟಿನಿಂದ (ಒಂದು ತುದಿ ಸ್ಕ್ರೂನಂತೆ ಮರಕ್ಕೆ ಇಳಿಯುವ, ಇನ್ನೊಂದು ತುದಿಗೆ ನಟ್ಟು ಹಾಕುವ ಬೋಲ್ಟು) ಕಾಲನ್ನು ಬಿಗಿಯಿರಿ. ಮನೆ ಬದಲಿಸುವಾಗ ನಾಲ್ಕು ನಟ್ಟು ಬಿಚ್ಚಿದರೆ ಕಾಲು ಕೈಗೆ ಬರುತ್ತವೆ. ಚೌಕಟ್ಟನ್ನು ತಳಕ್ಕೆ ಎಲ್ ಕ್ಲಿಪ್ಪಿನಿಂದ ಕೂಡಿಸಿ. ಇಲ್ಲಿ 16 ಎಂಎಂ ಸ್ಕ್ರೂ ಮಾತ್ರ. ಅದಕ್ಕಿಂತ ಉದ್ದದ್ದು ಹಾಕಿದರೆ ತಳ ದಾಟಿ ಸ್ಪಾಂಜಿಗೆ ಚುಚ್ಚುತ್ತದೆ.

ಕಾಲಿನ ತುದಿಗೆ ಪಾಲಿಶ್ ಚೆನ್ನಾಗಿ ಕುಡಿಸಿ, ರಬ್ಬರ್ ಬುಷ್ ಹಾಕಿ. ನಾವು ದಿನಾ ನೆಲ ಒರೆಸುತ್ತೇವೆ. ಮರದ ತುದಿ ನೀರು ಹೀರುವಷ್ಟು ಬೇರೆ ಯಾವ ಭಾಗವೂ ಹೀರುವುದಿಲ್ಲ.

ಬಟ್ಟೆ ಮತ್ತು ಸ್ಪಾಂಜ್

ಮೇಜಿನ ಗುಣ ನಿರ್ಧಾರ ಆಗುವುದು ಇಲ್ಲಿ. ಮರದ ಕೆಲಸದಲ್ಲಿ ಸಣ್ಣ ಪುಟ್ಟ ಕೊರತೆ ಇದ್ದರೂ ಆಟ ನಡೆಯುತ್ತದೆ. ಬಟ್ಟೆ ತಪ್ಪಿದರೆ ಮೇಜು ಮೂಲೆ ಸೇರುತ್ತದೆ.

ಬಟ್ಟೆ ಆರಿಸಲು ಹೋಗುವಾಗ ಒಂದು ಕಟ್ಟು ಎಲೆಯನ್ನು ಜೊತೆಗೆ ಒಯ್ಯಿರಿ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಗಿದ್ದ ಊರು ನಮ್ಮದು. ಮಂಡಿಪೇಟೆ, ಚೌಕಿಪೇಟೆ ಸುತ್ತಿದರೆ ಬಟ್ಟೆಗೆ ಬರ ಇಲ್ಲ. ಆದರೆ ನಿಮಗೆ ಬೇಕಾದದ್ದು ಸೋಫಾ ಹೊದಿಕೆಯ ಬಟ್ಟೆ ಮಾರುವ ಅಂಗಡಿ. ಬಟ್ಟೆಯನ್ನು ನಾಲ್ಕು ಪದರ ಮಡಿಸಿ ಕೌಂಟರಿನ ಮೇಲೆ ಹಾಸಿ. ಎಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಒಂದು ಅಡಿಯಷ್ಟು ಹೋಗಿ ತಾನೇ ನಿಲ್ಲಬೇಕು. ಆಮೇಲೆ ಎಲೆಯ ಒಂದು ಅಂಚನ್ನು ಒತ್ತಿ. ಇನ್ನೊಂದು ಅಂಚು ಬೆರಳು ಹೋಗುವಷ್ಟು ಏಳಬೇಕು. ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ನೋಡಿ.

ಈ ಪರೀಕ್ಷೆಯಲ್ಲಿ ವೆಲ್ವೆಟ್ ಸೋಲುತ್ತದೆ. ಅದರ ಕೂದಲು ಒಂದು ದಿಕ್ಕಿಗೆ ಮಲಗಿರುತ್ತದೆ. ಎಲೆ ಒಂದು ಕಡೆ ಓಡುತ್ತದೆ, ಎದುರು ಕಡೆ ತಡೆಯುತ್ತದೆ. ಎದುರು ಕೂತವರಿಗೆ ಹಂಚುವುದೇ ಕಷ್ಟ. ಸ್ಟೇಷನರಿ ಅಂಗಡಿಯ ಕರಕುಶಲ ಫೆಲ್ಟ್ ಅಗ್ಗ, ಆದರೆ ಬೇಗ ಗಂಟು ಗಂಟು ನೂಲು ಏಳುತ್ತದೆ. ಬಿಲಿಯರ್ಡ್ಸ್ ಬಟ್ಟೆ ನಿಜಕ್ಕೂ ಚೆನ್ನ, ಬೆಲೆಯೂ ಹಾಗೇ ಇದೆ. ನನ್ನ ಆಯ್ಕೆ ಗಿಡ್ಡ ಕೂದಲಿನ ಸ್ಯೂಡ್ ಸೋಫಾ ಬಟ್ಟೆ. 54 ಇಂಚು ಅಗಲದಲ್ಲಿ ಬರುತ್ತದೆ, ಒಂದೂಕಾಲು ಮೀಟರ್ ಸಾಕು. ಬಣ್ಣ ಕಡು ಹಸಿರು ಅಥವಾ ಕಡು ನೀಲಿ, ಒಂದೇ ಬಣ್ಣ ಇರಲಿ. ಹೂವು ಬಳ್ಳಿ ಇದ್ದರೆ ಎಲೆ ನೋಡಲು ಕಣ್ಣಿಗೆ ಆಯಾಸ.

ಬಟ್ಟೆಯ ಕೆಳಗೆ 3ರಿಂದ 4 ಎಂಎಂ ಗಟ್ಟಿ ಇವಿಎ ಫೋಮ್ ಬೇಕು. ಸುಮ್ನೆ ಮೆತ್ತಗಿರಲಿ ಅಂತ ಸೋಫಾ ಸ್ಪಾಂಜ್ ಹಾಕಬೇಡಿ. ಕೈ ಇಟ್ಟ ಕಡೆ ಕುಗ್ಗಿ ಎಲೆಗಳು ಗುಂಡಿಗೆ ಜಾರುತ್ತವೆ. ಒಂದು ಮೀಟರ್ ಅಗಲದ ಇವಿಎ ಸಿಗದಿದ್ದರೆ ತೆಳುವಾದ ಎರಡು ಯೋಗಾ ಮ್ಯಾಟ್ ತನ್ನಿ. ಒಂದೊಂದು ಸುಮಾರು 60 ಸೆಂಟಿಮೀಟರ್ ಅಗಲ. ನೇರ ಅಂಚುಗಳನ್ನು ಒತ್ತಿ ಕೂಡಿಸಿದರೆ ನಡುವಿನ ಗೆರೆ ಬಟ್ಟೆಯ ಕೆಳಗೆ ಗೊತ್ತಾಗುವುದಿಲ್ಲ. ಗೀರು ಗೀರು ಇರುವ ಮುಖ ಕೆಳಗಿರಲಿ.

ಫೋಮನ್ನು ಒಳಗಿನ ಎಂಟು ಮೂಲೆಯ ಅಳತೆಗಿಂತ ಒಂದೆರಡು ಎಂಎಂ ಕಡಿಮೆ ಕತ್ತರಿಸಿ. ತಳಕ್ಕೂ ಫೋಮಿಗೂ ಎಸ್‌ಆರ್ ಅಂಟು ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಬೆರಳಿಗೆ ಅಂಟು ಬರದೆ ಜಿಗುಟು ಮಾತ್ರ ತಾಗುವಾಗ ಕೂರಿಸಿ, ನಡುವಿನಿಂದ ಹೊರಗೆ ಒತ್ತುತ್ತಾ ಹೋಗಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ, ದೀಪ ಇರಬಾರದು. ಬಟ್ಟೆಗೆ ಮಾತ್ರ ಅಂಟು ಹಚ್ಚಲೇಬೇಡಿ. ಕಲೆ ಮೇಲೆ ಬರುತ್ತದೆ, ಬದಲಿಸುವಾಗ ಫೋಮೂ ಕಿತ್ತು ಬರುತ್ತದೆ.

ಬಟ್ಟೆಯನ್ನು ಹಿಂಭಾಗದಿಂದ ಹದವಾಗಿ ಇಸ್ತ್ರಿ ಮಾಡಿ, ತಳಕ್ಕಿಂತ ಸುತ್ತಲೂ ಒಂದು ಸೆಂಟಿಮೀಟರ್ ಕಡಿಮೆ ಇರುವಂತೆ ಎಂಟು ಮೂಲೆಗೆ ಕತ್ತರಿಸಿ. ಒಂದು ಬದಿಯ ನಡುವೆ ಪಿನ್ ಹೊಡೆಯಿರಿ. ಎದುರು ಬದಿಗೆ ಹೋಗಿ, ಎಳೆದು ಒಂದು ಪಿನ್. ಆಮೇಲೆ ಅಡ್ಡ ಬದಿಗಳು. ಹೀಗೆ ಎದುರುಬದುರು ಮಾಡುತ್ತಾ, ನಡುವಿನಿಂದ ಮೂಲೆಯ ಕಡೆಗೆ ಸಾಗಿ. ಮಂಚಕ್ಕೆ ನವಾರು ಬಿಗಿದ ಹಾಗೆ ಎಲ್ಲ ಕಡೆ ಒಂದೇ ಎಳೆತ ಇರಬೇಕು. ಸುಕ್ಕು ಹೋಗುವಷ್ಟು ಎಳೆದರೆ ಸಾಕು, ಜಾಸ್ತಿ ಎಳೆದರೆ ಫೋಮಿನ ಅಂಚು ಕೆಳಗೆ ಬಾಗುತ್ತದೆ. ಪಿನ್ನುಗಳು ಒಳಗೆರೆಯಿಂದ ಹೊರಗೆ, ಅಂಚಿನ ಪಟ್ಟಿ ಮುಚ್ಚುವ ಜಾಗದಲ್ಲೇ ಇರಲಿ. ಎದ್ದ ಪಿನ್ನುಗಳನ್ನು ಸುತ್ತಿಗೆಯಿಂದ ತಟ್ಟಿ ಮಲಗಿಸಿ.

ಇನ್ನು ಪಟ್ಟಿ ಕೂರಿಸುವುದು. ಬಟ್ಟೆ ಇರುವ ಕಡೆ ಡ್ರಿಲ್ ತಿರುಗಿಸಿದರೆ ನೂಲು ಸುತ್ತಿಕೊಂಡು ಉದ್ದಕ್ಕೆ ಎಳೆ ಕೀಳುತ್ತದೆ. ಮೊದಲೇ ತೂತು ಕೊರೆದಿಟ್ಟದ್ದು ಅದಕ್ಕೇ. ಚೀಲ ಹೊಲಿಯುವ ದಬ್ಬಳವನ್ನು ಕೆಳಗಿನ ತೂತಿನಿಂದ ಚುಚ್ಚಿ ಬಟ್ಟೆಯಲ್ಲಿ ದಾರಿ ಮಾಡಿ. ಬಾಣದ ಗುರುತು ಕೂಡಿಸಿ ಪಟ್ಟಿ ಇಟ್ಟು, ಕ್ಲಾಂಪ್ ಹಾಕಿ, ಸ್ಕ್ರೂಗಳನ್ನು ಕೈಯಿಂದ ಎದುರುಬದುರು ಬಿಗಿಯಿರಿ. ಈ ಕೆಲಸಕ್ಕೆ ಫೆವಿಕಾಲ್ ಬೇಡ.

ಮುಚ್ಚಳ ಇಟ್ಟಾಗ ಅದು ಪಟ್ಟಿಗಿಂತ ಫೋಮಿನ ದಪ್ಪದಷ್ಟು ಮೇಲೆ ನಿಲ್ಲುತ್ತದೆ. ಬರೆಯಲು ಓದಲು ಅದರಿಂದ ತೊಂದರೆ ಇಲ್ಲ. ಮುಚ್ಚಳದ ಕೆಳಮುಖವನ್ನು ಮಾತ್ರ 220 ನಂಬರಿನಲ್ಲಿ ನುಣ್ಣಗೆ ಉಜ್ಜಿರಬೇಕು.

ಫ್ಯಾನು, ದೀಪ, ಮಂಡಕ್ಕಿ

ಏಪ್ರಿಲ್ ಸೆಖೆಯಲ್ಲಿ ಫ್ಯಾನ್ ಇಲ್ಲದೆ ಕೂರಲಾಗದು. ಮೇಜನ್ನು ಫ್ಯಾನಿನ ನೇರ ಕೆಳಗೆ ಇಡಬೇಡಿ, ಮೂರ್ನಾಲ್ಕು ಅಡಿ ಪಕ್ಕಕ್ಕೆ ಸರಿಸಿ. ಪಟ್ಟಿ ಬಟ್ಟೆಗಿಂತ ಒಂದೂವರೆ ಸೆಂಟಿಮೀಟರ್‌ನಷ್ಟು ಎತ್ತರ ಇರುವುದರಿಂದ ಜಾರಿದ ಎಲೆ ನೆಲಕ್ಕೆ ಬೀಳುವುದಿಲ್ಲ. ದೀಪ ನೆತ್ತಿಯ ಮೇಲೆ ಇರಲಿ. ಗೋಡೆಯ ಟ್ಯೂಬ್‌ಲೈಟ್ ಒಂದೇ ಇದ್ದರೆ ಬೆನ್ನು ಹಾಕಿ ಕೂತವರ ಎಲೆಗೆ ಅವರದೇ ನೆರಳು ಬೀಳುತ್ತದೆ.

ಲೋಟ ಇಡಲು ಪಟ್ಟಿಯಲ್ಲಿ ತೂತು ಕೊರೆಯುವ ಆಸೆ ಹಲವರಿಗೆ ಇರುತ್ತದೆ. 100 ಎಂಎಂ ಪಟ್ಟಿಯಲ್ಲಿ ಮೂರು ಇಂಚಿನ ತೂತು ಇಟ್ಟರೆ ಎರಡೂ ಕಡೆ ಉಳಿಯುವುದು 12 ಎಂಎಂ ಮರ. ಮೊಣಕೈ ಭಾರಕ್ಕೆ ಅದು ಸೀಳುತ್ತದೆ. ಇಬ್ಬರ ನಡುವೆ ಒಂದು ಚಿಕ್ಕ ಸ್ಟೂಲ್ ಇಡಿ, ಚಹಾ ಅಲ್ಲಿರಲಿ. ಖಾರ ಮಂಡಕ್ಕಿ, ಮಿರ್ಚಿಯೂ ಅಲ್ಲೇ. ಮಿರ್ಚಿ ತಿಂದ ಎಣ್ಣೆ ಕೈ ಎಲೆಗೆ ತಾಗಿದರೆ ಎಲೆ ಅಂಟುತ್ತದೆ, ಎಲೆಯಿಂದ ಬಟ್ಟೆಗೂ ಹೋಗುತ್ತದೆ. ಆಟದ ನಡುವೆ ತಿನ್ನದೆ, ಒಂದು ಸುತ್ತು ಮುಗಿಸಿ, ತಿಂದು, ಕೈ ತೊಳೆದು ಮತ್ತೆ ಕೂರುವ ರೂಢಿ ಮಾಡಿಕೊಳ್ಳಿ.

ಆಟ ಮುಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಬಟ್ಟೆಯನ್ನು ಒಂದೇ ದಿಕ್ಕಿಗೆ ಗುಡಿಸಿ, ಮುಚ್ಚಳ ಹಾಕಿ. ಚಹಾ ಚೆಲ್ಲಿದರೆ ಉಜ್ಜಬೇಡಿ, ಒಣ ಹತ್ತಿ ಬಟ್ಟೆ ಒತ್ತಿ ಹೀರಿಸಿ. ಪೂರ್ತಿ ಒಣಗುವ ತನಕ ಮುಚ್ಚಳ ತೆರೆದಿರಲಿ. ಎಣ್ಣೆ ಬಿದ್ದರೆ ಕೂಡಲೇ ಟಾಲ್ಕಂ ಪೌಡರ್ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಬ್ರಷ್ ಮಾಡಿ. ಬಟ್ಟೆ ಸವೆದು ಎಲೆ ನಿಲ್ಲತೊಡಗಿದಾಗ ಮೇಜನ್ನು ಮಗುಚಿ ಪಟ್ಟಿಯ ಸ್ಕ್ರೂ ಬಿಚ್ಚಿ, ಹಳೆ ಪಿನ್ನು ಕಿತ್ತು, ಹಳೆ ಬಟ್ಟೆಯನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸಿ.